ಕಿಟಕಿಯ ಆಚೆ ಬಂದು ನಿಂತ ಗುಮಾಸ್ತ

ಅಕಾಕಿ ಅಕಾಕಿಯೆವಿಚ್ ಯಾಕೆ ಬರಲಿಲ್ಲ ಅಂತ ಆಫೀಸಿನಿಂದ ಜವಾನನನ್ನು ಕಳಿಸುತ್ತಾರೆ. ಅವನು ವಾಪಸ್ ಬಂದು, ಸತ್ತು ಹೋದರಂತೆ, ಮಣ್ಣು ಮಾಡಿ ನಾಲ್ಕು ದಿನ ಆಯ್ತಂತೆ ಅನ್ನುತ್ತಾನೆ. ಮರುದಿನ ಆ ಕುರ್ಚಿಯಲ್ಲಿ ಬೇರೊಬ್ಬ. ಇವನಿಗಿಂತ ಎತ್ತರ, ಅಕ್ಷರ ಸ್ವಲ್ಪ ವಾಲಿದ ಹಾಗೆ.

ಇದು 1842ರಲ್ಲಿ ಬಂದ, ರಷ್ಯಾದ ಲೇಖಕ ಗೊಗೊಲ್‌ನ ‘ಓವರ್‌ಕೋಟ್’. ಆಫೀಸು ಮನುಷ್ಯನನ್ನು ಏನು ಮಾಡುತ್ತದೆ ಅನ್ನುವ ಕಥೆಗಳ ಬೇರು ಹುಡುಕುತ್ತಾ ಹೋದರೆ ನಾನು ಇಲ್ಲಿಗೇ ಬಂದು ನಿಲ್ಲುತ್ತೇನೆ. ರಷ್ಯಾದ ದೊರೆ ಪೀಟರ್ 1722ರಲ್ಲೇ ನೌಕರರನ್ನೆಲ್ಲ 14 ದರ್ಜೆಗೆ ಹಂಚಿಬಿಟ್ಟಿದ್ದ. ಅಕಾಕಿ 9ನೇ ದರ್ಜೆಯವನು. ವರ್ಷಕ್ಕೆ 400 ರೂಬಲ್ ಸಂಬಳ, ದಿನವಿಡೀ ಕಾಗದ ನಕಲು ಮಾಡುವ ಕೆಲಸ. ಹೊಸ ಕೋಟು ಹೊಲಿಸಬೇಕು ಅಂತ ಸಂಜೆಯ ಟೀ ಬಿಡುತ್ತಾನೆ, ಮೇಣದಬತ್ತಿ ಹಚ್ಚುವುದಿಲ್ಲ, ಬೂಟಿನ ಅಟ್ಟೆ ಸವೆಯಬಾರದು ಅಂತ ಕಲ್ಲಿನ ಮೇಲೆ ತುದಿಗಾಲಲ್ಲಿ ನಡೆಯುತ್ತಾನೆ. ಆ ಕೋಟು ಹಾಕಿಕೊಂಡ ಮೊದಲ ದಿನವೇ ಕಳ್ಳರ ಪಾಲಾಗುತ್ತದೆ. ದೂರು ಹೇಳೋಕೆ ಹೋದರೆ ದೊಡ್ಡ ಸಾಹೇಬ ಗದರಿಸಿ ಕಳಿಸುತ್ತಾನೆ. ಅಷ್ಟೇ, ಜ್ವರ ಬಂದು ಸಾಯುತ್ತಾನೆ.

ಅಕಾಕಿ ಅರ್ಜಿ ಹಿಡಿದು ಬಂದ ಹೊರಗಿನವನಲ್ಲ, ಅವನೂ ಆಫೀಸಿನವನೇ ಅಲ್ವಾ? ಗೊಗೊಲ್ ಕೂಡ ಸ್ವಲ್ಪ ಕಾಲ ಗುಮಾಸ್ತನಾಗಿದ್ದವನು.

ಲೇಖಕ ಕಾಫ್ಕಾನೂ ಹಾಗೆಯೇ. 1908ರಿಂದ 1922ರವರೆಗೆ ಪ್ರಾಗ್‌ನಲ್ಲಿ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ದುಡಿದ. ಮರ ಹೆರೆಯುವ ಯಂತ್ರದಲ್ಲಿ ಬೆರಳು ಹೇಗೆ ತುಂಡಾಗುತ್ತದೆ, ಚೌಕದ ಬದಲು ದುಂಡನೆಯ ದಿಂಡು ಹಾಕಿದರೆ ಹೇಗೆ ಉಳಿಯುತ್ತದೆ ಅಂತ ಚಿತ್ರಸಮೇತ ವರದಿ ಬರೆದವನು ಅವನು. ಅವನನ್ನು ಸುಮ್ನೆ ಕನಸುಗಾರ ಅನ್ನುವವರು ಇದನ್ನು ಓದಬೇಕು. ಅವನು ತೀರಿಕೊಂಡ ಮರುವರ್ಷ, 1925ರಲ್ಲಿ, ‘ದಿ ಟ್ರಯಲ್’ ಕಾದಂಬರಿ ಅಚ್ಚಾಯಿತು. ಅಲ್ಲಿ ಗದರಿಸುವ ದೊಡ್ಡ ಸಾಹೇಬನೂ ಇಲ್ಲ. ಬ್ಯಾಂಕಿನ ಅಧಿಕಾರಿ ಜೋಸೆಫ್ ಕೆ.ಗೆ ತನ್ನ ಮೇಲಿನ ಆರೋಪ ಏನು ಅಂತಲೇ ತಿಳಿಯುವುದಿಲ್ಲ. ಸಿಟ್ಟು ಮಾಡಿಕೊಳ್ಳೋಣ ಅಂದರೆ ಎದುರಿಗೆ ಒಂದು ಮುಖ ಬೇಕಲ್ಲ?

ನಮ್ಮಲ್ಲಿ ಇದೇ ಸಂಕಟ ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕಥೆ’ಯಲ್ಲಿದೆ. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಕಥೆ ಅದು. ತಬರ ಸರ್ಕಾರದ ಚಾಕರಿ ಮಾಡಿದ ಜವಾನ. ಸರ್ಕಾರ ಅಂದರೆ ಅವನಿಗೆ ದೇವರಷ್ಟೇ ನಂಬಿಕೆ. ನಿವೃತ್ತನಾದ ಮೇಲೆ ಅದೇ ಆಫೀಸಿನ ಕಿಟಕಿಯ ಹೊರಗೆ ನಿಲ್ಲುತ್ತಾನೆ. ಕಾಗದದಲ್ಲಿ ಲೆಕ್ಕ ಕೂಡುವುದಿಲ್ಲ, ಪಿಂಚಣಿ ಬರುವುದಿಲ್ಲ. ಇವತ್ತು ಹೋಗಿ ನಾಳೆ ಬಾ. ಇತ್ತ ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತಾ ಮೇಲೇರುತ್ತದೆ. ಫೈಲು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಆ ಗಾಯ ಎಷ್ಟು ದೂರ ಹೋಗಿರುತ್ತದೆ ಅನ್ನುವುದು ಈ ಕಥೆಯ ಗಡಿಯಾರ. ಕಾಫ್ಕಾಗಿಂತ ತೇಜಸ್ವಿ ನನ್ನನ್ನು ಜಾಸ್ತಿ ಕಲಕುವುದು ಇಲ್ಲಿ. ಇಲ್ಲಿನ ಗುಮಾಸ್ತರೆಲ್ಲ ಗುರುತಿನವರು, ಒಂದೇ ಊರಿನವರು. ಆದರೂ ಫೈಲು ಅಲುಗುವುದಿಲ್ಲ.

ಗಿರೀಶ್ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದರು. ತಬರನಾದ ಚಾರುಹಾಸನ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಆಪರೇಷನ್ನಿಗೆ ದುಡ್ಡಿಲ್ಲದ ತಬರ ಕೊನೆಗೆ ಕಟುಕನ ಹತ್ತಿರ ಹೋಗುತ್ತಾನೆ. ಹೆಂಡತಿಯ ಕಾಲು ಕತ್ತರಿಸಿ ಕೊಡು ಅಂತ ಕೇಳುತ್ತಾನೆ.