ಸಿಚುವಾನ್ ಖಾರಕ್ಕೆ ಕಡಕ್ ವೈನ್ ಯಾಕೆ ಒಗ್ಗುವುದಿಲ್ಲ?

ಖಾರದ ಊಟಕ್ಕೆ ಕಡಕ್ ಡ್ರಿಂಕ್ಸೇ ಆಗಬೇಕು, ಉರಿ ತಗ್ಗೋದು ಅದರಿಂದಲೇ. ಹುಬ್ಬಳ್ಳಿ-ಧಾರವಾಡದಲ್ಲಿ ಈ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳುತ್ತಾರೆಂದರೆ, ಎದುರಾಡಿದವರಿಗೇ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತಾರೆ. ಈಗ ದೊಡ್ಡ ಹೋಟೆಲ್‌ಗಳಲ್ಲಿ ಚೈನೀಸ್ ಊಟದ ಜೊತೆ ವೈನ್ ಪಟ್ಟಿಯೂ ಟೇಬಲ್ಲಿಗೆ ಬರುತ್ತದೆ. ಅಲ್ಲೂ ಇದೇ ಲೆಕ್ಕ. ಸಿಚುವಾನ್ (ಖಾರಕ್ಕೆ ಹೆಸರಾದ ಚೀನಾದ ಪ್ರಾಂತ, ನಮ್ಮ ಮೆನುಗಳಲ್ಲಿ ಶೆಜ್ವಾನ್) ಐಟಂ ಹೇಳಿದವರು ಪಟ್ಟಿಯಲ್ಲಿ ಇರುವುದರಲ್ಲೇ ಗಟ್ಟಿ ಕೆಂಪು ವೈನ್ ಹುಡುಕುತ್ತಾರೆ. ಆಲ್ಕೋಹಾಲ್ 14 ಪರ್ಸೆಂಟ್, 14.5 ಪರ್ಸೆಂಟ್. ಎರಡು ತುತ್ತು, ಒಂದು ಗುಟುಕು ಆಗುತ್ತಲೇ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಅಡುಗೆಯವನು ಮೆಣಸಿನಕಾಯಿ ಸುರಿದಿದ್ದಾನೆ ಅಂತ ಅವನಿಗೆ ಬೈಗುಳ. ಪಾಪ, ಅವನದೇನೂ ತಪ್ಪಿಲ್ಲ. ಉರಿ ಏರಿಸಿದ್ದು ಗ್ಲಾಸಿನಲ್ಲಿರುವ ವೈನು.

ಖಾರ ರುಚಿಯಲ್ಲ, ನೋವು ಅನ್ನೋದು ಈಗ ಬಹಳ ಜನಕ್ಕೆ ಗೊತ್ತು. ಯಾವ ಥರದ ನೋವು ಅನ್ನೋದೇ ಸ್ವಾರಸ್ಯ. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ತಂಡದವರು ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ವಸ್ತು ನಮ್ಮ ನರಗಳಲ್ಲಿ ಎಲ್ಲಿ ಹೋಗಿ ಕೂರುತ್ತದೆ ಎಂದು ಪತ್ತೆ ಮಾಡಿದರು. ಅದೊಂದು ಪ್ರೋಟೀನು. ಈಗ ಅದರ ಹೆಸರು ಟಿಆರ್‌ಪಿವಿ1. ಈ ಕೆಲಸಕ್ಕೆ 2021ರಲ್ಲಿ ಜೂಲಿಯಸ್ ಅವರಿಗೆ ನೊಬೆಲ್ ಬಂತು. ಸ್ಪರ್ಶದ ಬಗ್ಗೆ ಕೆಲಸ ಮಾಡಿದ ಆರ್ಡೆಮ್ ಪಟಪೂಟಿಯನ್ ಅವರ ಜೊತೆ ಹಂಚಿಕೊಂಡರು.

ಈ ಪ್ರೋಟೀನನ್ನು ನರದ ತುದಿಯಲ್ಲಿರುವ ಒಂದು ಸಣ್ಣ ಬಾಗಿಲು ಅಂದುಕೊಳ್ಳಿ. ಚಿಲಕ ಹಾಕಿದೆ. ಬಾಯೊಳಗಿನ ಬಿಸಿ ಸುಮಾರು 43 ಡಿಗ್ರಿ ದಾಟಿದರೆ ಚಿಲಕ ಕಳಚಿ ಬಾಗಿಲು ತೆರೆದುಕೊಳ್ಳುತ್ತದೆ. ಹೊರಗಿನ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ. ನರ ಮಿದುಳಿಗೆ ಸುದ್ದಿ ಕಳಿಸುತ್ತದೆ: ಸುಡುತ್ತಿದೆ, ಉಗುಳು. ಕುದಿಯುವ ಚಹಾ ಬಾಯಿಗೆ ಬಿದ್ದಾಗ ನಮ್ಮನ್ನು ಕಾಪಾಡೋದು ಇದೇ. ಕ್ಯಾಪ್ಸೈಸಿನ್ ಬಂದರೆ ಬಿಸಿ ಇಲ್ಲದೆಯೂ ಚಿಲಕ ಕಳಚುತ್ತದೆ. ಬಾಯಿ 37 ಡಿಗ್ರಿಯಲ್ಲೇ ಇದೆ, ಸುದ್ದಿ ಮಾತ್ರ ಸುಟ್ಟ ಗಾಯದ್ದು. ಮಿದುಳಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೇ ತಣ್ಣಗಿನ ಮೆಣಸಿನಕಾಯಿ ಕಚ್ಚಿದರೂ ಬೆವರುತ್ತೇವೆ. ಹಕ್ಕಿಗಳಿಗೆ ಈ ತೊಂದರೆ ಇಲ್ಲ. ಅವುಗಳ ಬಾಗಿಲು ಬಿಸಿಗೆ ತೆರೆಯುತ್ತದೆ, ಕ್ಯಾಪ್ಸೈಸಿನ್‌ಗೆ ಜಗ್ಗುವುದಿಲ್ಲ. ಗಿಳಿ ಹಸಿಮೆಣಸಿನಕಾಯಿಯನ್ನು ಆರಾಮಾಗಿ ತಿನ್ನುವ ಗುಟ್ಟು ಇದು.

ಈಗ ಆಲ್ಕೋಹಾಲ್ ಕಥೆ. 2002ರಲ್ಲಿ ಇಟಲಿಯ ವಿಜ್ಞಾನಿಗಳು ಇದೇ ಬಾಗಿಲ ಮೇಲೆ ಎಥನಾಲ್, ಅಂದರೆ ಡ್ರಿಂಕ್ಸ್‌ನಲ್ಲಿರುವ ಆಲ್ಕೋಹಾಲ್, ಹಾಕಿ ನೋಡಿದರು. ಅವರ ಪ್ರಯೋಗದಲ್ಲಿ ಸುಮಾರು 42 ಡಿಗ್ರಿಗೆ ತೆರೆಯುತ್ತಿದ್ದದ್ದು ಸುಮಾರು 34 ಡಿಗ್ರಿಗೇ ತೆರೆಯತೊಡಗಿತು. ಎಂಟು ಡಿಗ್ರಿ ಕೆಳಗೆ! ನಮ್ಮ ಮೈ ಬಿಸಿ 37. ಅಂದರೆ ಆಲ್ಕೋಹಾಲ್ ತಾಕಿದ ಜಾಗದಲ್ಲಿ ನಮ್ಮ ಮೈಯ ಬಿಸಿಯೇ ನಮ್ಮನ್ನು ಸುಡುವ ಬಿಸಿಯಾಗುತ್ತದೆ. ಗಾಯಕ್ಕೆ ಸ್ಪಿರಿಟ್ ಹಚ್ಚಿದಾಗ ಚುರ್ ಅನ್ನೋದೂ, ವಿಸ್ಕಿ ಗಂಟಲಲ್ಲಿ ಇಳಿಯುವಾಗ ಸುಡೋದೂ ಇದರಿಂದಲೇ. ಮೆಣಸಿನಕಾಯಿ ಮೊದಲೇ ಚಿಲಕ ಸಡಿಲ ಮಾಡಿದೆ, ಮೇಲಿಂದ 14.5 ಪರ್ಸೆಂಟ್ ವೈನ್ ಬಂದು ಅದೇ ಚಿಲಕವನ್ನು ಇನ್ನಷ್ಟು ಸಡಿಲಿಸುತ್ತದೆ. ಖಾರವನ್ನು ಕಡಕ್ ಡ್ರಿಂಕ್ಸ್ ತಗ್ಗಿಸುತ್ತದೆ ಎಂಬ ನಂಬಿಕೆ ಪೂರ್ತಿ ತಲೆಕೆಳಗು.

ಕ್ಯಾಪ್ಸೈಸಿನ್ ಆಲ್ಕೋಹಾಲಿನಲ್ಲಿ ಕರಗುತ್ತದಲ್ಲ, ತೊಳೆದುಕೊಂಡು ಹೋಗಲ್ವಾ ಅಂತ ಕೇಳುವವರಿದ್ದಾರೆ. ಶುದ್ಧ ಆಲ್ಕೋಹಾಲಿನಲ್ಲಿ ಕರಗುತ್ತದೆ, ನಿಜ. ವೈನಿನಲ್ಲಿ ಬಹುಪಾಲು ನೀರೇ. ಅಷ್ಟು ತೆಳ್ಳಗಿರುವ ಆಲ್ಕೋಹಾಲ್ ತೊಳೆಯುವುದು ಕಡಿಮೆ, ಕೆರಳಿಸುವುದೇ ಜಾಸ್ತಿ.

ಇಲ್ಲಿ ಸ್ವಲ್ಪ ಮೆಣಸಿನಕಾಯಿಯ ಇತಿಹಾಸ ಹೇಳಲೇಬೇಕು. ಅದು ನಮ್ಮದೂ ಅಲ್ಲ, ಚೀನಾದ್ದೂ ಅಲ್ಲ. ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, ಅವರ ಹಡಗುಗಳ ಜೊತೆ ಮೆಣಸಿನಕಾಯಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. ಚೀನಾದಲ್ಲಿ ಅದರ ಮೊದಲ ಉಲ್ಲೇಖ ಸಿಗುವುದು 1591ರ ಒಂದು ಬರಹದಲ್ಲಿ. ಬರೆದವರು ಗಾವ್ ಲಿಯಾನ್. ಬಿಳಿ ಹೂವಿನ, ಕೆಂಪು ಕಾಯಿಯ, ನೋಡಲು ಚೆಂದದ ಗಿಡ ಎಂಬಂತೆ ಬಣ್ಣಿಸುತ್ತಾರೆ. ಸಿಚುವಾನ್ ಪ್ರಾಂತದ ಅಡುಗೆಮನೆಗೆ ಅದು ನುಗ್ಗಿದ್ದು ಅದಕ್ಕೂ ಬಹಳ ತಡವಾಗಿ. ಸಾವಿರಾರು ವರ್ಷದ ಸಿಚುವಾನ್ ಖಾರ ಅಂತ ಮೆನುವಿನಲ್ಲಿ ಬರೆದಿದ್ದರೆ ನಂಬಬೇಡಿ.

ಅದಕ್ಕೂ ಮುಂಚೆ ಅವರಿಗೆ ಇದ್ದದ್ದು ಹುವಾಜಿಯಾವ್, ಅಂದರೆ ಸಿಚುವಾನ್ ಪೆಪ್ಪರ್. ಕಾರವಾರ, ಅಂಕೋಲಾ ಕಡೆ ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ ಇದೇ ಕುಲದ್ದು. ಕಾಯಿಯ ಸಿಪ್ಪೆ ನಾಲಿಗೆ ಮೇಲಿಟ್ಟರೆ ಉರಿಯೋದಿಲ್ಲ, ಜುಮುಜುಮು ಅನ್ನುತ್ತದೆ. ಅದರಲ್ಲಿರುವ ಸಾನ್‌ಶೂಲ್ ಎಂಬ ವಸ್ತು ಸ್ಪರ್ಶದ ನರಗಳನ್ನು ಕೆಣಕುತ್ತದೆ. ಲಂಡನ್ನಿನ ಸಂಶೋಧಕರು 2013ರಲ್ಲಿ ಈ ಜುಮ್ಮನ್ನು ಅಳೆದರು. ತುಟಿಗೆ ಸಿಚುವಾನ್ ಪೆಪ್ಪರ್ ಹಚ್ಚಿಸಿಕೊಂಡವರು, ಬೆರಳಿಗೆ ಕೊಟ್ಟ ಕಂಪನದ ಜೊತೆ ಅದನ್ನು ಹೋಲಿಸಿ ಹೇಳಿದರು: ಸೆಕೆಂಡಿಗೆ ಸುಮಾರು 50 ಸಲ. ಏನೂ ಅಲುಗಾಡುತ್ತಿಲ್ಲ, ತುಟಿ ಮಾತ್ರ ನಡುಗುತ್ತಿದೆ ಅನ್ನಿಸುತ್ತದೆ. ಎಂಥ ಅದ್ಭುತ!

ಬ್ಯಾಡಗಿಗೆ ಬರೋಣ. ಹಾವೇರಿ ಜಿಲ್ಲೆಯ ಈ ಊರಿನ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹೋದರೆ ಚೀಲಗಟ್ಟಲೆ ಕೆಂಪು ಕಣ್ಣು ಕುಕ್ಕುತ್ತದೆ. ಒಂದು ಕಾಯಿ ಕೈಗೆತ್ತಿಕೊಳ್ಳಿ. ಸಿಪ್ಪೆಯ ತುಂಬಾ ಸುಕ್ಕು. ಉದ್ದಕ್ಕೆ ತೆಳ್ಳಗಿದ್ದರೆ ಕಡ್ಡಿ, ಗಿಡ್ಡಕ್ಕೆ ದಪ್ಪಗಿದ್ದರೆ ಡಬ್ಬಿ. ಮುರಿದು ಉಜ್ಜಿದರೆ ಬೆರಳಿಗೆ ಬಣ್ಣ ಹತ್ತುತ್ತದೆ. 2011ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ಕಿತು. ಈ ಬಣ್ಣ ಕ್ಯಾಪ್ಸಾಂತಿನ್ ಮತ್ತು ಅದರ ಬಳಗದ್ದು. ಖಾರ ಕ್ಯಾಪ್ಸೈಸಿನ್‌ನದ್ದು. ಎರಡಕ್ಕೂ ಸಂಬಂಧವೇ ಇಲ್ಲ. ಬ್ಯಾಡಗಿಯಲ್ಲಿ ಬಣ್ಣ ಭಾಳ, ಖಾರ ಕಡಿಮೆ. ಹಾಗಾಗಿ ಬ್ಯಾಡಗಿ ನೆನೆಸಿ ರುಬ್ಬಿದ ಶೆಜ್ವಾನ್ ಚಟ್ನಿ ಕೆಂಡದ ಹಾಗೆ ಕಂಡರೂ ನಾಲಿಗೆಗೆ ಸೌಮ್ಯ. ಮಸುಕು ಹಸಿರಿನ ಇನ್ನೊಂದು ಡಿಶ್ ಪ್ರಾಣ ತೆಗೆಯಬಹುದು. ಬಣ್ಣ ನೋಡಿ ವೈನ್ ಆರಿಸಿದರೆ ಕೆಡುತ್ತೇವೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಮಾಡಿತು. ಬ್ಯಾಡಗಿಯಂಥ ಕೆಂಪು ಪಕ್ಕದಲ್ಲೇ ಇರುವಾಗ ಆ ಕೃತಕ ಬಣ್ಣ ಇಷ್ಟು ವರ್ಷ ಯಾಕೆ ಬೇಕಿತ್ತೋ!

ಹಾಗಾದರೆ ಖಾರಕ್ಕೆ ಯಾವ ವೈನ್? ನನ್ನ ಉತ್ತರ ಒಂದೇ: ಜರ್ಮನಿಯ ಮೊಸೆಲ್ ಕಣಿವೆಯ ರೀಸ್ಲಿಂಗ್ ಎಂಬ ಬಿಳಿ ವೈನ್, ಅದರಲ್ಲೂ ಕ್ಯಾಬಿನೆಟ್ ಎಂದು ಕರೆಯುವ ದರ್ಜೆ. ಮೊಸೆಲ್ ನದಿ ಹಾವಿನಂತೆ ಸುತ್ತುತ್ತದೆ. ಎರಡೂ ದಡದಲ್ಲಿ ಸ್ಲೇಟ್ ಕಲ್ಲಿನ ಕಡಿದಾದ ಇಳಿಜಾರು. ಬ್ರೆಮ್ ಎಂಬ ಹಳ್ಳಿಯ ಮೇಲಿನ ಕಾಲ್ಮಾಂಟ್ ತೋಟ ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟಗಳಲ್ಲೊಂದು. ರೀಸ್ಲಿಂಗ್ ದ್ರಾಕ್ಷಿಯ ಹೆಸರು ಜರ್ಮನಿಯ ರುಸ್ಸೆಲ್ಸ್‌ಹೈಮ್ ಎಂಬಲ್ಲಿನ 1435ರ ಲೆಕ್ಕಪತ್ರದಲ್ಲೇ ಇದೆ.

ಅಲ್ಲಿ ಚಳಿ. ವಿಜಯಪುರದ ಬಿಸಿಲಿನಲ್ಲಿ ದ್ರಾಕ್ಷಿ ಬೇಗ ಬೇಗ ಸಕ್ಕರೆ ತುಂಬಿಕೊಳ್ಳುತ್ತದೆ, ಹುಳಿ ಕಳೆದುಕೊಳ್ಳುತ್ತದೆ. ಬಿಸಿ ಜಾಸ್ತಿಯಾದಷ್ಟೂ ಕಾಯಿಯೊಳಗಿನ ಮ್ಯಾಲಿಕ್ ಆಮ್ಲ ಬೇಗ ಉರಿದುಹೋಗುತ್ತದೆ. ಮೊಸೆಲ್‌ನಲ್ಲಿ ಹಣ್ಣು ನಿಧಾನಕ್ಕೆ ಮಾಗುತ್ತದೆ, ಸಕ್ಕರೆ ಹದವಾಗಿರುತ್ತದೆ, ಹುಳಿ ಉಳಿಯುತ್ತದೆ. ಯೀಸ್ಟ್ ಒಂದು ಪರ್ಸೆಂಟ್ ಆಲ್ಕೋಹಾಲ್ ಮಾಡಬೇಕಾದರೆ ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ತಿನ್ನಬೇಕು. ಕ್ಯಾಬಿನೆಟ್ ಮಾಡುವವರು ಅದು ಪೂರ್ತಿ ತಿನ್ನುವ ಮುಂಚೆಯೇ ರಸವನ್ನು ತಂಪು ಮಾಡಿ ಯೀಸ್ಟನ್ನು ನಿಲ್ಲಿಸುತ್ತಾರೆ. ಹಿಂದಿನ ಕಾಲದಲ್ಲಿ ನೆಲಮಾಳಿಗೆಯ ಚಳಿಗಾಲವೇ ಈ ಕೆಲಸ ಮಾಡುತ್ತಿತ್ತು. ಸಿಗುವುದು 8ರಿಂದ 9 ಪರ್ಸೆಂಟ್ ಆಲ್ಕೋಹಾಲ್ ಮತ್ತು ಒಂದಿಷ್ಟು ಉಳಿದ ಸಕ್ಕರೆ. ಲೇಬಲ್ಲಿನಲ್ಲಿ ಟ್ರೋಕನ್ ಎಂದಿದ್ದರೆ ಮಾತ್ರ ಅದು ಸಿಹಿ ಉಳಿಸದ ವೈನ್, ಆಲ್ಕೋಹಾಲೂ ಜಾಸ್ತಿ. ಖಾರದ ಟೇಬಲ್ಲಿಗೆ ಅದು ಬೇಡ.

ಕಡಿಮೆ ಆಲ್ಕೋಹಾಲ್ ಆದ್ದರಿಂದ ಚಿಲಕ ಅಷ್ಟಾಗಿ ಸಡಿಲವಾಗುವುದಿಲ್ಲ. ಸಿಹಿ ಉರಿಯನ್ನು ತಗ್ಗಿಸುತ್ತದೆ, ಇದು ಪ್ರಯೋಗಗಳಲ್ಲಿ ಕಂಡ ಮಾತು. ತಂಪು ಬಾಗಿಲನ್ನು ಮುಚ್ಚುವ ಕಡೆಗೆ ಒತ್ತುತ್ತದೆ. ಹುಳಿಯ ವಿಷಯದಲ್ಲಿ ಒಂದು ತಕರಾರು ಇದೆ, ಮುಚ್ಚಿಡಬಾರದು: ಆಮ್ಲವೂ ಟಿಆರ್‌ಪಿವಿ1 ಬಾಗಿಲನ್ನು ತಳ್ಳುತ್ತದೆ. ಆದರೆ ವೈನ್ ಯಾವುದಾದರೂ ಹುಳಿಯೇ, ಅದು ಕೆಂಪು ವೈನಿಗೂ ತಪ್ಪಿದ್ದಲ್ಲ. ಜೊತೆಗೆ ಹುಳಿ ಬಿದ್ದೊಡನೆ ಬಾಯಲ್ಲಿ ಜೊಲ್ಲು ಊರುತ್ತದೆ, ಎಣ್ಣೆಯ ಜಿಡ್ಡು ಹೋಗುತ್ತದೆ. ಒಟ್ಟು ಲೆಕ್ಕದಲ್ಲಿ ಲಾಭವೇ.

ವೈನ್ ಮುಟ್ಟದವರಿಗೆ ಇದೇ ವಿಜ್ಞಾನ ತಣ್ಣನೆಯ ಮಜ್ಜಿಗೆಯಲ್ಲಿ ಸಿಗುತ್ತದೆ. ಹಾಲಿನ ಕೇಸಿನ್ ಪ್ರೋಟೀನ್ ಕ್ಯಾಪ್ಸೈಸಿನ್ ಅನ್ನು ಹಿಡಿದುಕೊಳ್ಳುತ್ತದೆ, ಆ ಕೆಲಸ ಯಾವ ವೈನಿಗೂ ಬರುವುದಿಲ್ಲ. ಕೆಂಪು ವೈನ್ ಹೃದಯಕ್ಕೆ ಒಳ್ಳೆಯದು ಅಂತ ಕುಡಿಯುವವರಿಗೆ ಒಂದು ಮಾತು: ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣ ಅನ್ನೋದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಔಷಧಿ ಅಂದುಕೊಂಡು ದಯವಿಟ್ಟು ಶುರುಮಾಡಬೇಡಿ.

ಇನ್ನೊಂದು ಸಲಹೆ ಎಲ್ಲ ಕಡೆ ಓಡಾಡುತ್ತದೆ. ಖಾರದ ಏಷ್ಯನ್ ಊಟಕ್ಕೆ ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗೆವುರ್ಜ್‌ಟ್ರಾಮಿನರ್ ಎಂಬ ಬಿಳಿ ವೈನ್ ಕುಡಿಯಿರಿ ಅಂತ. ನಾನು ಒಪ್ಪುವುದಿಲ್ಲ. ಅದರ ಪರಿಮಳ ಮೋಹಕ, ಅನುಮಾನವಿಲ್ಲ. ಗ್ಲಾಸಿಗೆ ಮೂಗಿಟ್ಟರೆ ಲಿಚಿ ಹಣ್ಣಿನ ವಾಸನೆ. ಇದು ಸುಮ್ನೆ ಕಲ್ಪನೆಯಲ್ಲ, ಲಿಚಿಯಲ್ಲೂ ಈ ವೈನಿನಲ್ಲೂ ಸಿಸ್-ರೋಸ್ ಆಕ್ಸೈಡ್ ಎಂಬ ಒಂದೇ ವಸ್ತು ಇದೆ. ಚೀನಾದ ಹಣ್ಣು, ಫ್ರಾನ್ಸಿನ ದ್ರಾಕ್ಷಿ, ಒಂದೇ ಅಣು! ಆದರೆ ಇದರ ಆಲ್ಕೋಹಾಲ್ 13-14 ಪರ್ಸೆಂಟ್. ಶುಂಠಿ ಹಾಕಿದ ಕೋಳಿಗೆ, ಬಾತುಕೋಳಿ ರೋಸ್ಟಿಗೆ ಚೆನ್ನ. ಸಿಚುವಾನ್ ಮೆಣಸಿನಕಾಯಿಗೆ ಬೇಡ.

ಖಾರವೇ ಇಲ್ಲದ, ದಕ್ಷಿಣ ಚೀನಾದ ಕ್ಯಾಂಟನ್ ಶೈಲಿಯ ಊಟಕ್ಕೂ ಗಟ್ಟಿ ಕೆಂಪು ವೈನ್ ಕಷ್ಟವೇ. ಅಲ್ಲಿ ತೊಂದರೆ ಟ್ಯಾನಿನ್‌ನದ್ದು. ಎಳೆ ಅಡಿಕೆ ಅಗಿದಾಗ ಬಾಯಿ ಒಗರಾಗುತ್ತದಲ್ಲ, ಅದೂ ಟ್ಯಾನಿನ್. ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಗಟ್ಟಿ ಮಾಡುತ್ತದೆ, ಬಾಯಿಯ ನುಣುಪು ಹೋಗುತ್ತದೆ. ಸೋಯಾ ಸಾಸ್, ಅಣಬೆ, ಟೇಸ್ಟಿಂಗ್ ಪೌಡರ್ (ಅಜಿನೊಮೊಟೊ) ಇವುಗಳಲ್ಲಿರುವ, ರುಚಿ ಏರಿಸುವ ಗ್ಲುಟಮೇಟ್ ಎಂಬ ವಸ್ತುವಿನ ಜೊತೆ ಸೇರಿದರೆ ಟ್ಯಾನಿನ್ ಇನ್ನೂ ಕಹಿ ಅನ್ನಿಸುತ್ತದೆ. ಹಬೆಯಲ್ಲಿ ಬೇಯಿಸಿದ ಮೀನಿನ ಜೊತೆಗಂತೂ ಕೆಂಪು ವೈನ್ ಹಸಿ ಮೀನಿನ ವಾಸನೆ ಎಬ್ಬಿಸುತ್ತದೆ. ಕಾರಣ ವೈನಿನಲ್ಲಿರುವ ಕಬ್ಬಿಣ ಎಂದು ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದರು. ಮೀನಿಗೆ ಬಿಳಿ ವೈನ್ ಎಂಬ ಹಳೆಯ ರೂಢಿಗೆ ಹೀಗೆ ರಸಾಯನಶಾಸ್ತ್ರದ ಬೆಂಬಲ ಸಿಕ್ಕಿತು.

ಟೇಸ್ಟಿಂಗ್ ಪೌಡರ್ ಹೆಸರೆತ್ತಿದ ಕೂಡಲೇ ಮುಖ ಸಿಂಡರಿಸುವವರು ನಮ್ಮಲ್ಲಿ ಬಹಳ. ಅದು ವಿಷವಂತೆ, ತಲೆನೋವು ಬರುತ್ತದಂತೆ. ಈ ಹೆದರಿಕೆ ಎಲ್ಲಿಂದ ಬಂತು ಗೊತ್ತಾ? ಟೋಕಿಯೋದ ಕಿಕುನಾಯಿ ಇಕೆಡಾ 1908ರಲ್ಲಿ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿದರು. ಅರವತ್ತು ವರ್ಷ ಯಾರಿಗೂ ಅಷ್ಟೇನೂ ಭಯ ಇರಲಿಲ್ಲ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ರಾಬರ್ಟ್ ಹೋ ಮಾನ್ ಕ್ವಾಕ್ ಎಂಬ ವೈದ್ಯರು ಒಂದು ಪತ್ರ ಬರೆದರು. ಚೈನೀಸ್ ಹೋಟೆಲ್ ಊಟದ ಬಳಿಕ ಕುತ್ತಿಗೆ ಜೋಮು ಹಿಡಿಯುತ್ತದೆ, ಸೋಯಾ ಸಾಸೋ, ಅಡುಗೆಯ ವೈನೋ, ಉಪ್ಪೋ, ಗ್ಲುಟಮೇಟೋ ಕಾರಣ ಇರಬಹುದು ಅಂತ. ಅಷ್ಟೇ, ಒಂದು ಅನುಮಾನ. ಜನ ಗ್ಲುಟಮೇಟನ್ನು ಮಾತ್ರ ಹಿಡಿದುಕೊಂಡರು. ಗ್ಲುಟಮೇಟ್ ಸೇರಿದೆಯೋ ಇಲ್ಲವೋ ಅಂತ ಸೇವಿಸುವವರಿಗೆ ಗೊತ್ತಿಲ್ಲದಂತೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಈ ಲಕ್ಷಣಗಳು ಸ್ಥಿರವಾಗಿ ಕಾಣಲೇ ಇಲ್ಲ. ಟೊಮೆಟೊದಲ್ಲಿ ಗ್ಲುಟಮೇಟ್ ಇದೆ, ಚೀಸ್‌ನಲ್ಲಿದೆ, ತಾಯಿಯ ಹಾಲಿನಲ್ಲೂ ಇದೆ. ಮೂರು ಗ್ಲಾಸ್ ಡ್ರಿಂಕ್ಸ್ ಜೊತೆ ಫ್ರೈಡ್ ರೈಸ್ ತಿಂದು, ಮಾರನೇ ದಿನದ ತಲೆನೋವಿಗೆ ಚಿಟಿಕೆ ಪೌಡರನ್ನು ದೂರುವುದು ಯಾವ ನ್ಯಾಯ?

ಕೆಂಪೇ ಬೇಕು ಎನ್ನುವವರಿಗೆ ಫ್ರಾನ್ಸಿನ ಬೋಜೊಲೆ ಇದೆ. ಗಾಮೆ ದ್ರಾಕ್ಷಿಯದ್ದು, ಟ್ಯಾನಿನ್ ಕಡಿಮೆ. ಬರ್ಗಂಡಿಯ ದೊರೆ ಫಿಲಿಪ್ 1395ರಲ್ಲಿ ಈ ಗಾಮೆ ಬಳ್ಳಿಗಳನ್ನು ಕಿತ್ತು ಹಾಕಿ ಎಂದು ಆಜ್ಞೆ ಮಾಡಿದ್ದ. ಪಕ್ಕದ ಬೋಜೊಲೆಯಲ್ಲಿ ಅದು ಉಳಿದುಕೊಂಡಿತು, ನಮ್ಮ ಪುಣ್ಯ. ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ಕುಡಿಯಬೇಕು. ಕೆಂಪು ವೈನ್ ರೂಮ್ ಟೆಂಪರೇಚರ್‌ನಲ್ಲೇ ಇರಬೇಕು ಎಂಬ ನಿಯಮ ಹುಟ್ಟಿದ್ದು 16-18 ಡಿಗ್ರಿಯ ಯುರೋಪಿನ ಕೋಣೆಗಳಲ್ಲಿ. ಏಪ್ರಿಲ್‌ನಲ್ಲಿ ಗದಗದ ಮನೆಯೊಳಗೆ ಎಷ್ಟಿರುತ್ತದೆ ನಿಮಗೇ ಗೊತ್ತು. ಆ ಬಿಸಿಯಲ್ಲಿ ಮೂಗಿಗೆ ಬರೋದು ಬರೀ ಆಲ್ಕೋಹಾಲ್ ಘಾಟು.

ಯುರೋಪಿನವರು ಒಂದಾದ ಮೇಲೆ ಒಂದು ಐಟಂ ತರಿಸಿ, ಪ್ರತಿಯೊಂದಕ್ಕೂ ಬೇರೆ ವೈನ್ ಇಡುತ್ತಾರೆ. ಚೀನಾದ ಊಟ ಹಾಗಲ್ಲ. ಎಲ್ಲ ತಟ್ಟೆಗಳೂ ಟೇಬಲ್ ನಡುವೆ ಒಟ್ಟಿಗೆ ಬರುತ್ತವೆ, ಎಲ್ಲರೂ ಎಲ್ಲದರಿಂದ ಬಡಿಸಿಕೊಳ್ಳುತ್ತಾರೆ. ಹಾಗಾಗಿ ತಟ್ಟೆಗೊಂದು ವೈನ್ ಹೊಂದಿಸುವ ಗೋಜು ಬೇಡ. ಬಂದಿರುವುದರಲ್ಲಿ ಅತಿ ಖಾರದ್ದು ಯಾವುದೋ ಅದಕ್ಕೆ ಒಗ್ಗುವ ಒಂದು ಬಾಟಲಿ ಸಾಕು, ಉಳಿದವು ಹೊಂದಿಕೊಳ್ಳುತ್ತವೆ. ಬಿರಡೆ ತೆಗೆಸುವ ಮುಂಚೆ ಲೇಬಲ್ಲಿನ ಮೇಲಿನ ಆಲ್ಕೋಹಾಲ್ ಅಂಕಿ ಓದಿ. ಒಂಬತ್ತರ ಆಸುಪಾಸು ಇದ್ದರೆ ಶೆಜ್ವಾನ್ ಧಾರಾಳವಾಗಿ ಹೇಳಿ. ಹದಿಮೂರು ದಾಟಿದ್ದರೆ ಬೆಳ್ಳುಳ್ಳಿ, ಶುಂಠಿ, ಸೋಯಾದ ಐಟಂಗಳನ್ನೇ ತರಿಸಿ.