ನಾವೇನು ಜೇಬಿಗೆ ಹಾಕ್ಕೊಂಡಿಲ್ಲವಲ್ಲ ಮೇಡಂ

ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ನನಗೇ ಲೆಕ್ಕ ಇಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಹಡಿ ಮೇಲೆ ನನ್ನದೊಂದು ಸಣ್ಣ ಆಫೀಸು. ಮಹಿಳಾ ಸಂಘ, ಯುವಕ ಮಂಡಲ, ನಾಟಕ ತಂಡ, ಊರಿನ ಟ್ರಸ್ಟು, ವಿಶೇಷ ಮಕ್ಕಳ ಶಾಲೆ ನಡೆಸುವವರು, ಇಂಥವರೇ ನನ್ನ ಗಿರಾಕಿಗಳು. ಹಣ ಎಲ್ಲಿ ಸಿಗಬಹುದು, ಅರ್ಜಿ ಹೇಗೆ ಬರೆಯಬೇಕು, ಬಂದ ಹಣಕ್ಕೆ ಲೆಕ್ಕ ಹೇಗೆ ಕೊಡಬೇಕು ಅಂತ ಹೇಳಿಕೊಡುವುದು ನನ್ನ ಕೆಲಸ. ಮೊದಲ ಎರಡಕ್ಕೆ ಜನ ಓಡೋಡಿ ಬರುತ್ತಾರೆ. ಮೂರನೆಯದಕ್ಕೆ ಬರುವುದು ಹಣ ಕೊಟ್ಟವರಿಂದ ವಿವರಣೆ ಕೇಳಿ ಪತ್ರ ಬಂದ ಮೇಲೆ.

ಸೊಸೈಟಿ ನೋಂದಣಿ, ಪ್ಯಾನ್, 12ಎಬಿ, 80ಜಿ, ದರ್ಪಣ್ ಐಡಿ, ಸಿಎಸ್‌ಆರ್-1, ಹೀಗೆ ಹಣ ಕೇಳುವ ಮೊದಲು ಬೇಕಾಗುವ ನೋಂದಣಿಗಳ ಬಗ್ಗೆ ಇಲ್ಲಿ ಹೇಳಲು ಹೋಗುವುದಿಲ್ಲ. ಅದೆಲ್ಲ ನಿಮ್ಮ ಫೈಲಿನಲ್ಲಿ ಇದೆ ಅಂದುಕೊಂಡಿದ್ದೇನೆ. ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ, ಆಮೇಲೆ ಇದನ್ನು ಓದಿ.

ಕೆಲವು ವರ್ಷಗಳ ಹಿಂದಿನ ಮಾತು. ಹೊಸನಗರ ತಾಲೂಕಿನ ಒಳಗಿನ ಊರೊಂದರ ಮಹಿಳಾ ಸಂಘ. ಒಂದು ಕಂಪನಿಯ ಸಿಎಸ್‌ಆರ್ ಹಣದಲ್ಲಿ, ಅಂದರೆ ಸಮಾಜದ ಕೆಲಸಕ್ಕೆ ಅಂತ ಕಂಪನಿ ಕೊಡುವ ಹಣದಲ್ಲಿ, ಹೊಲಿಗೆ ತರಬೇತಿಗೆ 3,60,000 ರೂಪಾಯಿ ಮಂಜೂರಾಗಿತ್ತು. ಹತ್ತು ಮಿಷನ್, ಕಲಿಸುವವರಿಗೆ ಹತ್ತು ತಿಂಗಳ ಗೌರವಧನ, ಬಟ್ಟೆ, ದಾರ. ಮಿಷನ್ ಬಂದವು, ತರಗತಿ ಶುರುವಾಯಿತು. ಜುಲೈ ಹೊತ್ತಿಗೆ ಮಳೆ ಜೋರಾಗಿ ಬಸ್ಸು ನಿಂತಿತು. ಪೇಟೆಯಿಂದ ಬರುತ್ತಿದ್ದ ಟೀಚರ್ ಬರುವುದು ಬಿಟ್ಟರು. ಅದೇ ವಾರ ಗಾಳಿಗೆ ಮರ ಬಿದ್ದು ಪಕ್ಕದ ಅಂಗನವಾಡಿಯ ಹಂಚಿನ ಮಾಡು ಅರ್ಧ ಕುಸಿಯಿತು. ಸಂಘದ ಖಾತೆಯಲ್ಲಿ ಟೀಚರ್ ಗೌರವಧನದ ದುಡ್ಡು ಸುಮ್ನೆ ಕೂತಿತ್ತು. ಮಕ್ಕಳು ನೆನೆಯುತ್ತಿದ್ದವು. ಸಭೆ ಸೇರಿದರು, ಎಲ್ಲರೂ ಹೂಂ ಅಂದರು, 62,000 ರೂಪಾಯಿಯಲ್ಲಿ ಮಾಡು ಸರಿಮಾಡಿಸಿದರು.

ಅಧ್ಯಕ್ಷೆ ನನ್ನ ಮುಂದೆ ಕೂತು ಫೈಲು ಬಿಚ್ಚಿದರು. ಜೊತೆಗೆ ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಬೇರೆ ತಂದಿದ್ದರು. ಲೆಕ್ಕ ನೋಡಿದರೆ ಕಣ್ಣು ತುಂಬುವಷ್ಟು ಚೊಕ್ಕ. ರೀಪಿಗೆ ಇಷ್ಟು, ಹಂಚಿಗೆ ಇಷ್ಟು, ಜೀಪಿನ ಬಾಡಿಗೆ ಇಷ್ಟು, ಆಳಿನ ಕೂಲಿ ಇಷ್ಟು. ಕೊನೆಯಲ್ಲಿ 'ಕೆಲಸದವರಿಗೆ ಚಾ, ಕಡುಬು: 340' ಅಂತ. ಪ್ರತಿ ಸಾಲಿಗೂ ಬಿಲ್ಲು ಅಥವಾ ಸಹಿ ಇದೆ. ಒಂದು ರೂಪಾಯಿ ಆಚೀಚೆ ಆಗಿಲ್ಲ. ಅದರ ಪಕ್ಕದಲ್ಲೇ ಕಂಪನಿಯ ಪತ್ರ: ತರಬೇತಿಗೆ ಕೊಟ್ಟ ಹಣ ಬೇರೆ ಕೆಲಸಕ್ಕೆ ಹೋದದ್ದು ಹೇಗೆ, ಹದಿನೈದು ದಿನದಲ್ಲಿ ವಿವರಣೆ ಕೊಡಿ.

"ನಾವೇನು ಜೇಬಿಗೆ ಹಾಕ್ಕೊಂಡಿಲ್ಲವಲ್ಲ ಮೇಡಂ. ಒಳ್ಳೆ ಕೆಲಸಕ್ಕೇ ಖರ್ಚು ಮಾಡಿದ್ದು."

ಹೌದು, ಒಳ್ಳೆ ಕೆಲಸವೇ. ನಾನಾಗಿದ್ದರೂ ಆ ಮಕ್ಕಳನ್ನು ನೋಡಿ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ ಪತ್ರದಲ್ಲಿರುವ ಪ್ರಶ್ನೆ ಕೆಲಸ ಒಳ್ಳೆಯದೋ ಕೆಟ್ಟದ್ದೋ ಅಂತ ಅಲ್ಲ. ಇದನ್ನೇ ನಾನು ವರ್ಷಕ್ಕೆ ಇಪ್ಪತ್ತು ಸಲ ಹೇಳುತ್ತೇನೆ, ಇಪ್ಪತ್ತು ಸಲವೂ ಎದುರಿಗೆ ಕೂತವರ ಮುಖದಲ್ಲಿ 'ಇವರೂ ಆ ಆಫೀಸಿನವರ ಹಾಗೇ ಮಾತಾಡ್ತಾರಲ್ಲ' ಅನ್ನುವ ಬೇಸರ ಕಾಣುತ್ತದೆ.

ಹಾಗಾಗಿ ಈಗ ಬೇರೆ ಥರ ಹೇಳುವುದನ್ನು ಕಲಿತಿದ್ದೇನೆ. ನಿಮ್ಮ ಊರಲ್ಲಿ ಮಾರಿ ಜಾತ್ರೆ ಅಂತ ಇಟ್ಟುಕೊಳ್ಳಿ. ಸಾಗರದ ಹಾಗೆ ಮೂರು ವರ್ಷಕ್ಕೊಮ್ಮೆ. ಮನೆ ಮನೆಗೆ ಹೋಗಿ ವರಾಡ ಎತ್ತಿದ್ದೀರಿ. ಜಾತ್ರೆಗೆ ಇನ್ನು ಎರಡು ತಿಂಗಳಿದೆ ಅನ್ನುವಾಗ ಶಾಲೆ ಮಾಡು ಸೋರುತ್ತಿದೆ ಅಂತ ಆ ದುಡ್ಡಲ್ಲಿ ಹಂಚು ಹಾಕಿಸಿದಿರಿ. ಯಾರನ್ನೂ ಕೇಳಲಿಲ್ಲ. ಊರವರು ಏನಂತಾರೆ? ಶಾಲೆ ಬೇಡ ಅಂತ ಯಾರೂ ಅನ್ನುವುದಿಲ್ಲ. 'ಅಮ್ಮನ ಹೆಸರು ಹೇಳಿ ತಗೊಂಡು ಹೋದ್ರಲ್ಲ, ನಮ್ಮನ್ನ ಒಂದು ಮಾತು ಕೇಳಬಾರದಿತ್ತಾ?' ಅಂತಾರೆ. ಮುಂದಿನ ಸಲ ವರಾಡಕ್ಕೆ ಹೋದರೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸುತ್ತಾರೆ. ಅನುದಾನ ಅಂದರೆ ಇದೇ. ದೊಡ್ಡ ಊರಿಂದ ಎತ್ತಿದ ವರಾಡ. ಯಾವ ಹೆಸರು ಹೇಳಿ ತಂದಿರೋ ಆ ಹೆಸರಿಗೇ ಹೋಗಬೇಕು. ಹೀಗೆ ಹೇಳಿದ ಮೇಲೆ ಸುಮಾರು ಜನ ತಲೆಯಾಡಿಸುತ್ತಾರೆ.

ಕಂಪನಿಯವರು ಯಾಕೆ ಇಷ್ಟು ಜಿಗುಟು ಅಂತಲೂ ಕೇಳುತ್ತಾರೆ. ಅವರ ಕೊರಳಿಗೂ ಹಗ್ಗ ಇದೆ. 2013ರ ಕಂಪನಿ ಕಾಯಿದೆಯಲ್ಲಿ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2 ಪರ್ಸೆಂಟ್ ಹಣವನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಕೊಟ್ಟು ಕೈತೊಳೆದುಕೊಂಡರೆ ಆಗುವುದಿಲ್ಲ. ಮಂಡಳಿ ಒಪ್ಪಿದ ಉದ್ದೇಶಕ್ಕೇ, ಒಪ್ಪಿದ ರೀತಿಯಲ್ಲೇ ಹಣ ಬಳಕೆಯಾಗಿದೆ ಅಂತ ಆ ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು. ನಿಮ್ಮ ಅಂಗನವಾಡಿಯ ಹಂಚು ಅವರ ಸಹಿಯ ಮೇಲೆ ಬಂದು ಕೂರುತ್ತದೆ.

ಸರ್ಕಾರದ ಅನುದಾನದಲ್ಲಿ ಈ ಸಹಿ ನಿಮ್ಮದೇ. ಕೇಂದ್ರದ ಹಣವಾದರೆ ಜಿಎಫ್‌ಆರ್ 12-ಎ ಅನ್ನುವ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡುತ್ತೀರಿ. ನಾವೆಲ್ಲ ಯುಸಿ ಅನ್ನುವುದು ಅದನ್ನೇ. ಯಾವ ಉದ್ದೇಶಕ್ಕೆ ಮಂಜೂರಾಯಿತೋ ಅದಕ್ಕೇ ಬಳಸಿದ್ದೇವೆ ಅಂತ ಅದರಲ್ಲಿ ಬರೆದಿರುತ್ತದೆ. ಮಾಡು ಕಟ್ಟಿಸಿ ಅದಕ್ಕೆ ಸಹಿ ಹಾಕಿದರೆ ಒಳ್ಳೆ ಕೆಲಸ ಮಾಡಿಯೂ ಸುಳ್ಳು ಬರೆದ ಹಾಗಾಯಿತು. ಇನ್ನೊಂದು, ಆ ಹಣಕ್ಕೆ ಬ್ಯಾಂಕಿನಲ್ಲಿ ಬಂದ ಬಡ್ಡಿ ಕೂಡ ನಿಮ್ಮದಲ್ಲ. ಲೆಕ್ಕ ಮುಗಿದ ಮೇಲೆ ವಾಪಸ್ ಕಟ್ಟಬೇಕು. ಇದನ್ನು ಹೇಳಿದರೆ 'ಬಡ್ಡಿನೂನಾ?' ಅಂತ ಒಬ್ಬರಾದರೂ ಎದ್ದು ನಿಲ್ಲುತ್ತಾರೆ. ಬಡ್ಡಿನೂ. ಖಾತೆ ಬೇರೆ ಇಟ್ಟರೆ ಲೆಕ್ಕ ಹಾಕುವುದು ಸುಲಭ.

ಮಾಡಿಗಿಂತ ಜಾಸ್ತಿ ನೋಡುವುದು ಕೈಗಡದ ತಾಪತ್ರಯ. ಒಂದು ಯೋಜನೆಯ ಎರಡನೇ ಕಂತು ಬಂದಿಲ್ಲ, ಸಿಬ್ಬಂದಿಗೆ ಮೂರು ತಿಂಗಳಿಂದ ಸಂಬಳ ಇಲ್ಲ. ಇನ್ನೊಂದು ಯೋಜನೆಯ ಹಣ ಖಾತೆಯಲ್ಲಿದೆ. 'ಆಮೇಲೆ ತುಂಬಿಸ್ತೇವೆ' ಅಂತ ತೆಗೆಯುತ್ತಾರೆ. ಇದಕ್ಕೆ ಪೂರ್ತಿ ಸಂಘದವರನ್ನೇ ಬೈಯಲು ನನಗೆ ಮನಸ್ಸಿಲ್ಲ. ಜೂನ್‌ನಲ್ಲಿ ಬರಬೇಕಾದ ಕಂತು ಮಾರ್ಚ್ ಕೊನೇ ವಾರ ಬರುವುದು, ಬಂದ ಕೂಡಲೇ ಮೂವತ್ತೊಂದರೊಳಗೆ ಖರ್ಚು ಮಾಡಿ ಅನ್ನುವುದು, ಇದನ್ನು ನಾನೂ ನೋಡಿ ನೋಡಿ ಸಾಕಾಗಿದ್ದೇನೆ. ಆದರೂ ಆ ಕಂತು ಬಾರದೇ ಹೋದರೆ? ಎರಡು ಯೋಜನೆಯ ಲೆಕ್ಕವೂ ಕೆಡುತ್ತದೆ. ವಿದೇಶಿ ಹಣವಾದರಂತೂ ಈ ಆಟ ಬೇಡವೇ ಬೇಡ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯಿದೆಯ ಖಾತೆಗೆ ಊರಿನ ಹಣ ಹಾಕುವ ಹಾಗೂ ಇಲ್ಲ.

ಮಾತು ಬಂತು ಅಂತ ಹೇಳುತ್ತೇನೆ. ಮಲೆನಾಡಿನಲ್ಲಿ ಈಗ ಎರಡು ಮನೆಗೆ ಒಂದು ಮಗ ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಇದ್ದಾನೆ. 'ಊರಿನ ಲೈಬ್ರರಿಗೆ ಅಂತ ದುಡ್ಡು ಕಳಿಸ್ತಾನಂತೆ, ಸಂಘದ ಖಾತೆ ನಂಬರ್ ಕೊಟ್ಟಿದ್ದೇನೆ' ಅಂತ ತೀರ್ಥಹಳ್ಳಿ ಕಡೆಯವರೊಬ್ಬರು ಖುಷಿಯಲ್ಲಿ ಹೇಳಿದರು. ಅವನು ಇನ್ನೂ ಭಾರತದ ಪ್ರಜೆಯಾಗಿದ್ದು, ಸ್ವಂತ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಅಥವಾ ಮುಂಚಿತ ಅನುಮತಿ ಇಲ್ಲದೆ ಮುಟ್ಟಬಾರದು. ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳುವುದು ನಮ್ಮವರಿಗೆ ಮುಜುಗರ. ಕೇಳಿ ಮಾರಾಯ್ರೆ, ಪರವಾಗಿಲ್ಲ.

ಅರ್ಧ ಗೊತ್ತಿರುವ ಕಾನೂನು ಇನ್ನೂ ತೊಂದರೆ. 'ವರ್ಷದೊಳಗೆ ಆದಾಯದ 85 ಪರ್ಸೆಂಟ್ ಖರ್ಚು ಮಾಡಲೇಬೇಕಲ್ಲ ಮೇಡಂ' ಅಂತ ಮಾರ್ಚ್‌ನಲ್ಲಿ ಉಳಿದ ಹಣವನ್ನೆಲ್ಲ ಕುರ್ಚಿ, ಬ್ಯಾನರು, ಮೈಕಿಗೆ ಹಾಕಿದವರಿದ್ದಾರೆ. ಆದಾಯ ತೆರಿಗೆಯಲ್ಲಿ ಆ ನಿಯಮ ಇರುವುದು ನಿಜ. ಆದರೆ ಉದ್ದೇಶ ಬರೆದು, ಸಮಯಕ್ಕೆ ಸರಿಯಾಗಿ ಫಾರಂ ಹಾಕಿದರೆ 5 ವರ್ಷದವರೆಗೆ ತೆಗೆದಿಡಲು ಅವಕಾಶವೂ ಇದೆ. ಯಾವುದು ನಿಮಗೆ ಅನ್ವಯಿಸುತ್ತದೆ ಅಂತ ನಿಮ್ಮ ಆಡಿಟರ್ ಹತ್ತಿರವೇ ಕೇಳಬೇಕು. 2025ರ ಹೊಸ ಆದಾಯ ತೆರಿಗೆ ಕಾಯಿದೆಯ ಜಾರಿ 2026ರ ಏಪ್ರಿಲ್ 1ರಿಂದ, ಅದರಲ್ಲಿ ಸೆಕ್ಷನ್ ನಂಬರುಗಳೆಲ್ಲ ಬೇರೆ. ಹಳೇ ನಂಬರು ಬಾಯಿಪಾಠ ಮಾಡಿಕೊಂಡವರ ಮಾತು ಕೇಳಬೇಡಿ. ಆ ಪಟ್ಟಿಯಲ್ಲಿ ನಾನೂ ಇದ್ದೇನೆ.

ಹಾಗಾದರೆ ಆ ಸಂಘದವರು ಏನು ಮಾಡಬೇಕಿತ್ತು? ಒಂದು ಪತ್ರ. ಅಷ್ಟೇ. ಮಾಡು ಹತ್ತುವ ಮೊದಲು ಒಂದು ಪತ್ರ. ನಾನು ಬರೆಸುವುದು ಹೆಚ್ಚುಕಡಿಮೆ ಹೀಗಿರುತ್ತದೆ:

'ತಾವು ಇಂಥ ತಾರೀಖಿನ ಪತ್ರದಲ್ಲಿ ಹೊಲಿಗೆ ತರಬೇತಿಗೆ ಮಂಜೂರು ಮಾಡಿದ ಹಣದಲ್ಲಿ ಗೌರವಧನದ ಬಾಬ್ತಿನಲ್ಲಿ ಇಷ್ಟು ಉಳಿದಿದೆ. ಮಳೆಯಿಂದ ಜುಲೈ, ಆಗಸ್ಟ್ ತರಗತಿ ನಡೆದಿಲ್ಲ. ಈ ಹಣದಲ್ಲಿ ಇಷ್ಟನ್ನು ಇಂಥ ಕೆಲಸಕ್ಕೆ ಬಳಸಲು ಅನುಮತಿ ಕೋರುತ್ತೇವೆ. ಅನುಮತಿ ಸಿಗದಿದ್ದರೆ ತರಗತಿಯನ್ನು ಇಂಥ ತಿಂಗಳವರೆಗೆ ಮುಂದುವರಿಸಲು ಅವಧಿ ವಿಸ್ತರಿಸಿ ಕೊಡಿ. ತಮ್ಮ ಲಿಖಿತ ಉತ್ತರ ಬರುವವರೆಗೆ ಈ ಹಣವನ್ನು ಬಳಸುವುದಿಲ್ಲ.'

ಕೊನೆಯ ಸಾಲನ್ನು ಎಲ್ಲರೂ ಹೊಡೆದು ಹಾಕಲು ನೋಡುತ್ತಾರೆ. ನಾನು ಬಿಡುವುದಿಲ್ಲ. 'ಫೋನಲ್ಲಿ ಹೂಂ ಅಂದ್ರು ಮೇಡಂ' ಅಂತಾರೆ. ಫೋನಲ್ಲಿ ಹೂಂ ಅಂದವರು ಆರು ತಿಂಗಳಲ್ಲಿ ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಹೊಸಬರ ಕಂಪ್ಯೂಟರಿನಲ್ಲಿ ಆ ಹೂಂ ಇರುವುದಿಲ್ಲ. ಮಾತಾಡಿದ ದಿನವೇ 'ಇವತ್ತು ಫೋನಿನಲ್ಲಿ ತಾವು ತಿಳಿಸಿದಂತೆ' ಅಂತ ಶುರುಮಾಡಿ ಒಂದು ಇಮೇಲ್ ಹಾಕಿ. ಅದಕ್ಕೆ ಅವರಿಂದ ಉತ್ತರ ತರಿಸಿಕೊಳ್ಳಿ.

ಕೇಳಿದರೆ ಇಲ್ಲ ಅಂತಾರೇನೋ ಅನ್ನುವುದು ಇನ್ನೊಂದು ಭಯ. ನಾನು ಕಂಡ ಮಟ್ಟಿಗೆ, ಅದೇ ಯೋಜನೆಯೊಳಗೆ ಒಂದು ಬಾಬ್ತಿನಿಂದ ಇನ್ನೊಂದಕ್ಕೆ ಬದಲಿಸಲು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅವಧಿ ವಿಸ್ತರಣೆಗೂ ಅಷ್ಟೇ. ಪೂರ್ತಿ ಬೇರೆ ಕೆಲಸಕ್ಕೆ ಕೇಳಿದರೆ ಒಪ್ಪುವುದು ಕಮ್ಮಿ. ಒಬ್ಬೊಬ್ಬರ ಮಂಜೂರಾತಿ ಪತ್ರ ಒಂದೊಂದು ಥರ ಇರುತ್ತದೆ, ಸಣ್ಣ ಬದಲಾವಣೆಗೆ ಕೇಳುವುದೇ ಬೇಡ ಅಂತ ಬರೆದಿರುವುದೂ ಉಂಟು. ಅದನ್ನು ಓದಿ. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಮೊದಲು ಹಿಂದಿನ ಪುಟ ಓದಿ.

ನಿಜ ಹೇಳಬೇಕೆಂದರೆ ನಮ್ಮವರು ಕೇಳದೇ ಇರುವುದು ಮೋಸದ ಬುದ್ಧಿಯಿಂದ ಅಲ್ಲ. ಸಂಕೋಚ. ಕೊಟ್ಟವರ ಹತ್ತಿರ ಮತ್ತೆ ಹೋಗಿ 'ನಾವು ಹೇಳಿದ ಹಾಗೆ ಆಗಲಿಲ್ಲ' ಅನ್ನಲು ನಾಚಿಕೆ. ನೆಂಟರ ಮನೆಯಲ್ಲಿ ಎರಡನೇ ಸಲ ಪಾಯಸ ಕೇಳದ ಜನ ನಾವು. ಮಳೆ ಬಂತು, ಬಸ್ಸು ನಿಂತಿತು ಅನ್ನುವುದರಲ್ಲಿ ನಾಚಿಕೆ ಏನಿದೆ?

ಮಳೆ ಬರುವುದು ಮೊದಲೇ ಗೊತ್ತಿರುವ ವಿಷಯ ಅಲ್ವಾ? ಅರ್ಜಿ ಬರೆಯುವಾಗ ಅದನ್ನು ಯಾಕೆ ಬರೆಯುವುದಿಲ್ಲ? ಬೆಂಗಳೂರಿನ ಯಾರದೋ ಮಾದರಿ ಅರ್ಜಿ ತಂದು, ಊರಿನ ಹೆಸರು ಬದಲಾಯಿಸಿ, ಹನ್ನೆರಡು ತಿಂಗಳೂ ತರಗತಿ ಅಂತ ಹಾಕುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಆಗುಂಬೆ, ಬಿದನೂರು ನಗರದ ಕಡೆ ಹೊರಗೆ ಕಾಲಿಡುವುದೇ ಕಷ್ಟ. ಮಳೆ ಬಿಟ್ಟಿತು ಅಂದರೆ ಅಡಿಕೆ ಕೊಯ್ಲು. ಸಂಜೆ ಸಭೆ ಕರೆದರೆ ಹೆಂಗಸರೆಲ್ಲ ಅಡಿಕೆ ಸುಲಿಯುತ್ತ ಕೂತಿರುತ್ತಾರೆ. ಇಷ್ಟು ಕಳೆದು ಉಳಿಯುವ ತಿಂಗಳಲ್ಲಿ ಮದುವೆ, ಜಾತ್ರೆ. ಇದನ್ನು ಹೇಳಿಕೊಂಡೇ ಅರ್ಜಿ ಬರೆಯಿರಿ. ಆರು ತಿಂಗಳ ಕೆಲಸಕ್ಕೆ ಹನ್ನೆರಡು ತಿಂಗಳ ಅವಧಿ ಕೇಳಿ. ಜಾಗದ ರಿಪೇರಿಗೆ ಒಂದು ಬಾಬ್ತು ಹಾಕಿ. ತೆಗೆದು ಹಾಕಿದರೆ ಹಾಕಲಿ.

ಇನ್ನು ಮಕ್ಕಳು ನೆನೆಯುವ ಥರದ ತುರ್ತಿಗೆ ಬೇಕಾಗುವುದು ಯಾರ ಹೆಸರೂ ಅಂಟಿರದ ದುಡ್ಡು. ಸದಸ್ಯರ ವಂತಿಗೆ, ಊರಿನವರು ಸಂಘಕ್ಕೆ ಅಂತ ಸುಮ್ನೆ ಕೊಟ್ಟದ್ದು, ನಾಟಕದ ಟಿಕೆಟಿನಲ್ಲಿ ಉಳಿದದ್ದು. ರಸೀದಿ ಹರಿದುಕೊಡಿ. ಕೊಟ್ಟ ದೇಣಿಗೆಗೆ 80ಜಿ ತೆರಿಗೆ ರಿಯಾಯಿತಿ ಬೇಕು ಅನ್ನುವವರಿಗೆ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅದು ಸಿಗುವುದಿಲ್ಲ ಅಂತ ಮೊದಲೇ ಹೇಳಿ. ಇಂಥ ಹಣ ಇಪ್ಪತ್ತು ಸಾವಿರ ಇದ್ದರೂ ಅಧ್ಯಕ್ಷರಿಗೆ ರಾತ್ರಿ ನಿದ್ದೆ ಬರುತ್ತದೆ. ದೊಡ್ಡ ದೊಡ್ಡ ಅನುದಾನ ತಂದ ಸಂಘಗಳಲ್ಲಿ ಇದೇ ಸೊನ್ನೆ.

ಹೊಸನಗರದವರ ಕಥೆ ಏನಾಯಿತು ಅಂದರೆ, ಕಂಪನಿ ಒಪ್ಪಲಿಲ್ಲ. ನಾನು ಬರೆಸಿದ ಎರಡು ಪುಟದ ವಿವರಣೆಗೆ ಎರಡು ಸಾಲಿನ ಉತ್ತರ ಬಂತು. 62,000 ತುಂಬಿಸಬೇಕಾಯಿತು. ಆ ಹೆಂಗಸರು ಊರೆಲ್ಲ ತಿರುಗಿದರು. ಅಡಿಕೆ ಮಾರಿದ ಮೇಲೆ ಕೊಡ್ತೇವೆ ಅಂದವರು ಕೊಟ್ಟರು, ಕೆಲವರು ಕೊಡಲಿಲ್ಲ, ಕಡಿಮೆ ಬಿದ್ದದ್ದನ್ನು ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಹಂಚಿಕೊಂಡರು. ಎಷ್ಟು ಅಂತ ನನಗೆ ಹೇಳಲಿಲ್ಲ. ದುಡ್ಡು ಖಾತೆಗೆ ವಾಪಸ್ ಬಂತು, ಅವಧಿ ವಿಸ್ತರಣೆ ಸಿಕ್ಕಿತು, ಬೇಸಿಗೆಯಲ್ಲಿ ತರಗತಿ ಮುಗಿಸಿದರು. ಈಗ ಅವರದೇ ಇನ್ನೊಂದು ಯೋಜನೆ ನಡೆಯುತ್ತಿದೆ, ಬೇರೆಯವರ ಹಣದಲ್ಲಿ.

ಮೊನ್ನೆ ಮಳೆ ಹಿಡಿದ ದಿನ ಅಧ್ಯಕ್ಷೆಯ ಫೋನು.

"ಮೇಡಂ, ಮಿಷನ್ ಇಟ್ಟ ಕೋಣೆ ಸೋರ್ತಾ ಉಂಟು. ರಿಪೇರಿಗೆ ಪತ್ರ ಬರೀಬೇಕಲ್ವಾ?"

"ಬರೀಲೇಬೇಕು. ಇವತ್ತೇ ಬರೀರಿ."

"ನಿನ್ನೆನೇ ಕಳಿಸಿ ಆಯ್ತು. ಉತ್ತರ ಬರೋತನಕ ಕೆಳಗೆ ಬಕೆಟ್ ಇಟ್ಟಿದ್ದೇವೆ. ಬಕೆಟ್ ನಮ್ಮ ಮನೇದು, ಮೇಡಂ."