ಒಂದೇ ಕಡೆ ಕೆಂಪಾದರೆ ಕಾಯಬೇಡಿ

ಸ್ತನಕ್ಕೆ ಇಂಪ್ಲಾಂಟ್ (ಗಾತ್ರ ಹೆಚ್ಚಿಸಲು ಒಳಗೆ ಇಡುವ ಮೆತ್ತನೆಯ ಚೀಲ) ಹಾಕಿದ ಹತ್ತು ಹನ್ನೆರಡು ದಿನಕ್ಕೆ ಕೆಲವೊಮ್ಮೆ ಫೋನ್ ಬರುತ್ತದೆ. "ಡಾಕ್ಟ್ರೇ, ಸ್ವಲ್ಪ ಕೆಂಪಾಗಿದೆ. ಗಾಯ ಮಾಯುವಾಗ ಹೀಗೇ ಆಗುತ್ತೆ ಅಲ್ವಾ?" ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಎರಡೂ ಕಡೆ ಒಂದೇ ಥರ ಇದೆಯಾ, ಇಲ್ಲ ಒಂದು ಕಡೆ ಜಾಸ್ತಿಯಾ?

ಎರಡೂ ಕಡೆ ಸಮನಾಗಿ ಊದಿದ್ದು, ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಅದು ಸಾಮಾನ್ಯವಾಗಿ ಆಪರೇಷನ್ನಿನ ಊತ. ಒಂದು ಕಡೆ ಮಾತ್ರ ಕೆಂಪು, ಬಿಸಿ, ಇಳಿದಿದ್ದ ನೋವು ಮತ್ತೆ ಏರುವುದು, ಹೊಲಿಗೆಯಿಂದ ನೀರು ಜಿನುಗುವುದು ಹಾಗಲ್ಲ, ಅದು ಸೋಂಕಿನ ಲಕ್ಷಣವಿರಬಹುದು. ಜ್ವರ ಬಂದೇ ಬರಬೇಕೆಂದಿಲ್ಲ. ಅವತ್ತೇ ಬಂದು ತೋರಿಸಿ. ಫೋಟೋ ಕಳಿಸಿದರೆ ಸಾಲದು, ಚರ್ಮದ ಬಿಸಿ ಕೈಗೆ ಮಾತ್ರ ತಿಳಿಯುತ್ತದೆ.

ಅಂದಕ್ಕಾಗಿ ಮಾಡುವ ಈ ಆಪರೇಷನ್ನಿನಲ್ಲಿ ಸೋಂಕು ತಗಲುವುದು ನೂರರಲ್ಲಿ ಒಬ್ಬಿಬ್ಬರಿಗೆ. ಬಹುಪಾಲು ಮೊದಲ 6 ವಾರದೊಳಗೇ ಕಾಣಿಸುತ್ತದೆ. ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಅಪಾಯ ಹೆಚ್ಚು.

ಇಂಪ್ಲಾಂಟ್ ಇರುವಾಗ ಸಣ್ಣ ಸೋಂಕಿಗೂ ನಾವು ಯಾಕೆ ಇಷ್ಟು ಹೆದರುತ್ತೇವೆ? ಇಂಪ್ಲಾಂಟ್‌ಗೆ ರಕ್ತ ಹರಿಯುವುದಿಲ್ಲ. ರಕ್ತ ಹೋಗದ ಕಡೆ ದೇಹದ ಕಾವಲಿನ ಕಣಗಳೂ ಸರಿಯಾಗಿ ಹೋಗಲಾರವು, ಔಷಧಿಯೂ ಹೋಗಲಾರದು. ಬ್ಯಾಕ್ಟೀರಿಯಾ ಅದರ ಮೇಲೆ ಕೂತು ಲೋಳೆಯ ಪದರ ಕಟ್ಟಿಕೊಳ್ಳುತ್ತವೆ, ನೀರಿನ ಕಲ್ಲಿಗೆ ಪಾಚಿ ಹಿಡಿದ ಹಾಗೆ. ಇದನ್ನು ಬಯೋಫಿಲ್ಮ್ ಅನ್ನುತ್ತೇವೆ. ಅದು ಒಮ್ಮೆ ಗಟ್ಟಿಯಾದರೆ ಮಾತ್ರೆ ನುಂಗಿದಾಗ ಕೆಂಪು ಇಳಿಯುತ್ತದೆ, ನಿಲ್ಲಿಸಿದಾಗ ಮತ್ತೆ ಏರುತ್ತದೆ.

ಹಾಗಾಗಿ ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಸುಮ್ನೆ ನುಂಗಬೇಡಿ ಎಂದು ಬೇಡಿಕೊಳ್ಳುತ್ತೇನೆ. ಅಲ್ಟ್ರಾಸೌಂಡ್‌ನಲ್ಲಿ ಇಂಪ್ಲಾಂಟ್ ಸುತ್ತ ನೀರು ಕಂಡರೆ, ಇಂಪ್ಲಾಂಟ್‌ಗೆ ಸೂಜಿ ತಾಗದಂತೆ ಅದನ್ನು ಸ್ವಲ್ಪ ಎಳೆದು, ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಗೆ, ಅಂದರೆ ಕಲ್ಚರ್‌ಗೆ ಕಳಿಸುತ್ತೇವೆ. ಮೊದಲೇ ಮಾತ್ರೆ ಬಿದ್ದಿದ್ದರೆ ಏನೂ ಬೆಳೆಯದೇ ಹೋಗಬಹುದು, ಯಾವ ರೋಗಾಣು ಎಂದು ಗೊತ್ತೇ ಆಗುವುದಿಲ್ಲ. ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ. ನನ್ನನ್ನು ಜಾಸ್ತಿ ಕಾಡುವುದು ಮೈಕೋಬ್ಯಾಕ್ಟೀರಿಯಾದ ಕೆಲವು ಜಾತಿಗಳು. ಇವು ಕ್ಷಯದ ರೋಗಾಣುವಿನ ದೂರದ ನೆಂಟರು, ಆದರೆ ಕ್ಷಯ ತರುವುದಿಲ್ಲ. ವಾರಗಟ್ಟಲೆ ಕಳೆದ ಮೇಲೆ ಕಾಣಿಸಿಕೊಳ್ಳುತ್ತವೆ, ಮಾಮೂಲಿ ಕಲ್ಚರ್‌ನಲ್ಲಿ ತಪ್ಪಿಹೋಗುತ್ತವೆ. ಲ್ಯಾಬ್‌ಗೆ ಬೇರೆಯಾಗಿ ಹೇಳಿ ಹುಡುಕಿಸಬೇಕು, ಔಷಧಿ ತಿಂಗಳುಗಟ್ಟಲೆ ಬೇಕು.

ಬರೀ ಚರ್ಮದ ಮೇಲೆ ಸ್ವಲ್ಪ ಕೆಂಪಿದ್ದರೆ ಮಾತ್ರೆ ಕೊಟ್ಟು ಒಂದೆರಡು ದಿನದಲ್ಲೇ ಮತ್ತೆ ನೋಡುತ್ತೇನೆ. ಜ್ವರ, ಕೀವು ಇದ್ದರೆ ಆಸ್ಪತ್ರೆಗೆ ಸೇರಿಸಿ ರಕ್ತನಾಳಕ್ಕೆ ಔಷಧಿ. 48 ಗಂಟೆಯಲ್ಲಿ ಇಳಿಮುಖ ಕಾಣದಿದ್ದರೆ ಆಪರೇಷನ್. ಸೋಂಕು ಹಗುರವಾಗಿದ್ದು, ಮೇಲಿನ ಚರ್ಮ ಚೆನ್ನಾಗಿದ್ದರೆ ಒಳಗೆಲ್ಲ ತೊಳೆದು ಹೊಸ ಇಂಪ್ಲಾಂಟ್ ಇಡಲು ಕೆಲವೊಮ್ಮೆ ಆಗುತ್ತದೆ. ಕೀವು ತುಂಬಿದ್ದರೆ, ಚರ್ಮ ತೆಳುವಾಗಿ ಇಂಪ್ಲಾಂಟ್ ಹೊರಗೆ ಕಾಣುತ್ತಿದ್ದರೆ ತೆಗೆಯುವುದೇ ಸರಿ. ಜೋರು ಜ್ವರದ ಜೊತೆ ಮೈಮೇಲೆ ಕೆಂಪು ದದ್ದು, ವಾಂತಿ, ತಲೆಸುತ್ತು ಬಂದರೆ ಒಂದು ಗಂಟೆಯೂ ಕಾಯಬೇಡಿ. ಅಪರೂಪ ನಿಜ, ಆದರೆ ಅದು ಜೀವಕ್ಕೇ ಅಪಾಯ.

ತೆಗೆಯೋಣ ಎಂದಾಗ ಎಷ್ಟೋ ಜನ ಅಳುತ್ತಾರೆ. ಒಂದು ಕಡೆ ಚಪ್ಪಟೆಯಾಗಿ ತಿಂಗಳುಗಟ್ಟಲೆ ಇರುವುದು ಸುಲಭವಲ್ಲ. ಆ ಸಂಕಟ ನನಗೆ ಅರ್ಥವಾಗುತ್ತದೆ, ಅದಕ್ಕೇ ಈ ಮಾತನ್ನು ಆಪರೇಷನ್ನಿಗೆ ಮೊದಲೇ ಆಡಿರುತ್ತೇನೆ. ಸೋಂಕು ಪೂರ್ತಿ ಹೋಗಿ ಒಳಗಿನ ಚರ್ಮ, ಸ್ನಾಯು ಮೆತ್ತಗಾಗಲು 3ರಿಂದ 6 ತಿಂಗಳು ಬೇಕು. ಆಮೇಲೆ ಮತ್ತೆ ಹಾಕಬಹುದು. ಅವಸರ ಮಾಡಿ ಹಾಕಿಸಿಕೊಂಡರೆ ಸೋಂಕು ಮರುಕಳಿಸುತ್ತದೆ, ಅಥವಾ ಇಂಪ್ಲಾಂಟ್ ಸುತ್ತಲಿನ ಪೊರೆ ಬಿಗಿದು ಸ್ತನ ಗಟ್ಟಿಯಾಗುತ್ತದೆ.

ವರ್ಷಗಳ ನಂತರ ಒಂದು ಕಡೆ ದಿಢೀರ್ ಊದಿದರೂ ಬನ್ನಿ. ಅದು ತಡವಾಗಿ ಬಂದ ಸೋಂಕಿರಬಹುದು. ತೀರಾ ಅಪರೂಪಕ್ಕೆ, ಹೆಚ್ಚಾಗಿ ಒರಟು ಮೇಲ್ಮೈಯ ಇಂಪ್ಲಾಂಟ್ ಇರುವವರಲ್ಲಿ, ಒಂದು ಬಗೆಯ ಲಿಂಫೋಮಾ ಕ್ಯಾನ್ಸರ್ ಹೀಗೇ ಶುರುವಾಗುತ್ತದೆ. ಊದಿದ ಕಡೆ ಸೇರಿದ ನೀರನ್ನು ಸೋಂಕು, ಕ್ಯಾನ್ಸರ್ ಎರಡಕ್ಕೂ ಪರೀಕ್ಷೆ ಮಾಡಿಸಬೇಕು. ಬರುವಾಗ ಇಂಪ್ಲಾಂಟ್ ಕಾರ್ಡ್ ತನ್ನಿ. ನಿಮ್ಮೊಳಗೆ ಇರುವುದು ಯಾವ ಬಗೆಯದು ಎಂದು ಅದರಲ್ಲಿ ಬರೆದಿರುತ್ತದೆ.